ಖುರರೋಗವೂ ನಾಲಬಂದನ ಕೈಗೆಲಸವೂ: ಕೃಷ್ಣಾತೀರದ ಅಶ್ವವೈದ್ಯವನ್ನು ಕುರಿತ ಒಂದು ವಿಚಾರ

೧

ಕನ್ನಡದ ಶಾಸ್ತ್ರಸಾಹಿತ್ಯದ ಚರಿತ್ರೆಯನ್ನು ನಿರೂಪಿಸಿದ ವಿದ್ವಾಂಸರು ಅಶ್ವಶಾಸ್ತ್ರಸಂಬಂಧವಾದ ಕೃತಿಗಳ ಹೆಸರುಗಳನ್ನೂ ಗ್ರಂಥಕರ್ತರ ಕಾಲವನ್ನೂ ಶ್ರಮಪಟ್ಟು ಸಂಗ್ರಹಿಸಿಕೊಟ್ಟಿರುವರು. ಅಭಿನವಚಂದ್ರನೆಂಬ ಕವಿಯು ಸುಮಾರು ೧೪೦೦ರಲ್ಲಿ ರಾಮಚಂದ್ರನೆಂಬ ಹಿಂದಿನ ಗ್ರಂಥಕಾರನ ಕೃತಿಯನ್ನು ಅನುಸರಿಸಿ ‘ಅಶ್ವವೈದ್ಯ’ವನ್ನು ರಚಿಸಿದನೆಂದೂ, ೧೬೨೭ರಲ್ಲಿ ಮೈಸೂರಿನ ಚಾಮರಾಜ ಒಡೆಯರ ಆಳಿಕೆಯಲ್ಲಿ ಪದ್ಮಣಪಂಡಿತನು ‘ಹಯಸಾರಸಮುಚ್ಚಯ’ವನ್ನು ಬರೆದನೆಂದೂ ಸಾಹಿತ್ಯಾಭ್ಯಾಸಿಗಳೆಲ್ಲರೂ ಬಲ್ಲರು. ರಾ. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯ ಮೂರು ಸಂಪುಟಗಳು ಇಂತಹ ವಿಷಯಗಳಿಗೆಲ್ಲ ಆಕರವಾಗಿವೆ. ಆದರೆ ಈ ಗ್ರಂಥಗಳು ಯಾವ ರೋಗಿಯ ಸಲುವಾಗಿ ಹುಟ್ಟಿದುವೋ ಆ ಮೂಕಪ್ರಾಣಿಯ ಪಾಡು ಏನಾಗಿದ್ದಿತು, ಓಲೆಗರಿಯಲ್ಲಿ ಬರೆದ ಚಿಕಿತ್ಸೆಯು ಲಾಯದಲ್ಲಿ ಎಷ್ಟರಮಟ್ಟಿಗೆ ನಡೆಯುತ್ತಿದ್ದಿತು, ಅದನ್ನು ನಡೆಯಿಸುತ್ತಿದ್ದವರು ಯಾರು ಎಂಬ ಪ್ರಶ್ನೆಗಳನ್ನು ಕೇಳಿದವರು ವಿರಳ.

ಕುದುರೆಯ ವ್ಯಾಧಿಗಳಲ್ಲಿ ಈ ಪ್ರಶ್ನೆಗಳನ್ನು ಪರೀಕ್ಷಿಸುವುದಕ್ಕೆ ಅತ್ಯಂತ ಯೋಗ್ಯವಾದುದು ಗೊರಸಿನ ವ್ಯಾಧಿ. ಹೊಟ್ಟೆಯ ನೋವಿಗೆ ಕಷಾಯವುಂಟು, ಮೈಮೇಲಿನ ಹುಣ್ಣಿಗೆ ಲೇಪವುಂಟು. ಅವೆರಡನ್ನೂ ವೈದ್ಯನೊಬ್ಬನೇ ಮಾಡಬಲ್ಲನು. ಗೊರಸಿನ ಘೋರವ್ಯಾಧಿಯಾದರೋ ಔಷಧದಿಂದಲೇ ಗುಣವಾಗತಕ್ಕುದಲ್ಲ. ಅಲ್ಲಿ ಕೆತ್ತುವ ಕತ್ತಿಯೂ, ಅರವೂ, ಸುತ್ತಿಗೆಯೂ, ಕಾಸಿ ಬಡಿದ ಕಬ್ಬಿಣವೂ ಬೇಕು. ಆದುದರಿಂದ ಖುರರೋಗದ ಚರಿತ್ರೆಯು ಪಂಡಿತನ ಪುಸ್ತಕಕ್ಕೂ ನಾಲಬಂದನ ಕೈಗೂ ನಡುವೆ ಇದ್ದ ಸಂಬಂಧದ ಚರಿತ್ರೆಯೇ ಆಗಿರುವುದು. ಆ ಸಂಬಂಧವು ಕನ್ನಡನಾಡಿನಲ್ಲಿ ಹೇಗಿದ್ದಿತು, ಅದು ಮುರಿದಲ್ಲಿ ಏನು ಹಾನಿಯಾಯಿತು ಎಂಬುದನ್ನು ಕೃಷ್ಣಾತೀರದ ಸಾವಳಗಿ, ಜಮಖಂಡಿ, ಮುಧೋಳ ಸೀಮೆಯನ್ನು ಮುಖ್ಯವಾಗಿಟ್ಟುಕೊಂಡು ಇಲ್ಲಿ ವಿಚಾರಮಾಡಲಾಗಿದೆ.

೨

ಸಾವಳಗಿಯು ಈಗಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿ ತಾಲೂಕಿಗೆ ಸೇರಿದ ಊರು. ೧೯೪೮ರ ವರೆಗೆ ಜಮಖಂಡಿ ಸಂಸ್ಥಾನದ ಸೀಮೆಯದು. ಈ ಪ್ರಾಂತವು ಕುದುರೆಯ ಚರಿತ್ರೆಗೆ ಹೊರತಾದುದಲ್ಲ. ಐನೂರ್ವರೆಂಬ ವರ್ತಕಸಂಘದ ಹೆಸರಿಗೆ ಮೂಲವಾದ ಅಯ್ಯಾವೊಳೆ, ಎಂದರೆ ಐಹೊಳೆಯು, ಇದೇ ಜಿಲ್ಲೆಯಲ್ಲಿದೆ. ಆ ವರ್ತಕರು ವ್ಯಾಪಾರಮಾಡುತ್ತಿದ್ದ ಸರಕುಗಳಲ್ಲಿ ಆನೆಗಳೊಡನೆ ಜಾತ್ಯಶ್ವಗಳೂ ಎಣಿಕೆಗೆ ಬಂದಿರುವುದು ಶಿಕಾರಿಪುರದ ಕಡೆಯ ಶಾಸನದಿಂದ ತಿಳಿಯಬರುತ್ತದೆ. ತರುವಾಯ ಈ ಸೀಮೆಯು ವಿಜಾಪುರದ ಆದಿಲಶಾಹಿ ರಾಜ್ಯದಲ್ಲಿದ್ದಿತು. ಮುಧೋಳದ ಘೋರ್ಪಡೆ ಮನೆತನದವರು ಆ ದರಬಾರಿನ ಸರದಾರರು. ೧೬೪೮ರಲ್ಲಿ ಶಹಾಜಿಯನ್ನು ಸೆರೆಹಿಡಿದ ಬಾಜಿ ಘೋರ್ಪಡೆಯು ಈ ಮನೆತನದವನೇ. ೧೬೮೬ರಲ್ಲಿ ವಿಜಾಪುರವು ಔರಂಗಜೇಬನ ವಶವಾಯಿತು. ಅನಂತರ ಮರಾಠರ ಪ್ರಾಬಲ್ಯವು ಹೆಚ್ಚಿತು.

೧೭೬೪ರಲ್ಲಿ ಮಾಧವರಾವ ಪೇಶವೆಯು ಪಟವರ್ಧನ ಮನೆತನದವರಿಗೆ ಎಂಟುಸಾವಿರ ಕುದುರೆಗಳ ದಂಡನ್ನು ಸಾಕುವುದಕ್ಕಾಗಿ ಸರಂಜಾಮನ್ನು ಹಾಕಿಕೊಟ್ಟನು. ಆ ಮನೆತನದ ಪರಶುರಾಮಭಾವುವು ೧೭೯೦-೯೧ರಲ್ಲಿ ಧಾರವಾಡದ ಕೋಟೆಯನ್ನು ಮುತ್ತಿ ವಶಪಡಿಸಿಕೊಂಡು, ಅಲ್ಲಿಂದ ಶ್ರೀರಂಗಪಟ್ಟಣದ ದಿಕ್ಕಿಗೆ ದಂಡನ್ನು ನಡೆಯಿಸಿದನು. ೧೮೧೧ರಲ್ಲಿ ಜಮಖಂಡಿಯ ಶಾಖೆಯು ಬೇರೆಯಾಯಿತು. ಅಂತು ಈ ಸೀಮೆಯ ರಾಜಕೀಯಕ್ಕೆಲ್ಲ ಕುದುರೆಯೇ ಆಧಾರ. ಭೂಮಿಯನ್ನು ಕೊಟ್ಟುದು ಕುದುರೆಗಾಗಿ, ಕಸಿದುಕೊಂಡುದು ಕುದುರೆಯಿಂದ.

ಮರಾಠರ ದಂಡಿನಲ್ಲಿ ಬಾರಗೀರರೆಂದೂ ಶಿಲೇದಾರರೆಂದೂ ಎರಡು ಬಗೆಯ ಸವಾರರಿದ್ದರೆಂಬುದು ಪ್ರಸಿದ್ಧವಾಗಿದೆ. ಬಾರಗೀರನು ಸರಕಾರದ ಇಲ್ಲವೆ ಸರದಾರನ ಕುದುರೆಯನ್ನು ಹತ್ತುವವನು. ಶಿಲೇದಾರನು ತನ್ನ ಸ್ವಂತ ಕುದುರೆಯೊಡನೆ ಚಾಕರಿಗೆ ಬರುವವನು. ಬಾರಗೀರನ ಕುದುರೆಯು ಕುಂಟಿದರೆ ನಷ್ಟವು ಸರಕಾರದ್ದು. ಶಿಲೇದಾರನ ಕುದುರೆಯು ಕುಂಟಿದರೆ ಅವನ ಚಾಕರಿಯೂ ಮನೆವಾರ್ತೆಯೂ ಒಮ್ಮೆಗೇ ಕುಂಟಿದುವು. ಇಂತಹವನಿಗೆ ಗೊರಸಿನ ವ್ಯಾಧಿಯೆಂಬುದು ಶಾಸ್ತ್ರವಿಚಾರವಲ್ಲ, ಅನ್ನದ ವಿಚಾರ.

ಭೂಗುಣವೂ ಇಲ್ಲಿ ಗಮನಿಸತಕ್ಕುದಾಗಿದೆ. ಕೃಷ್ಣೆಯ ಇಕ್ಕೆಲದ ಎರೆಭೂಮಿಯು ಮಳೆಗಾಲದಲ್ಲಿ ಅಂಟಾದ ಕೆಸರಾಗಿ ಗೊರಸಿಗೆ ಮೆತ್ತಿಕೊಳ್ಳುವುದು. ಬೇಸಗೆಯಲ್ಲಿ ಬಿರಿದು ಕಲ್ಲಿನಂತಾಗುವುದು. ಗೊರಸು ಒದ್ದೆಯಲ್ಲಿ ಮೆತ್ತಗಾಗಿ, ಒಣಹವೆಯಲ್ಲಿ ಪೆಡಸಾಗಿ ಸೀಳುವ ವಸ್ತು. ಹೀಗೆ ವರ್ಷಕ್ಕೊಮ್ಮೆ ನೆನೆದು ವರ್ಷಕ್ಕೊಮ್ಮೆ ಬಿರಿಯುವ ನೆಲದಲ್ಲಿ ಕಾಲಿನ ಆರೈಕೆಯನ್ನು ಅಲಕ್ಷಿಸಿದ ಲಾಯವು ಬಹುಕಾಲ ಬಾಳಲಾರದು.

೩

ಖುರಕ್ಕೆ ಕನ್ನಡದಲ್ಲಿ ಗೊರಸು, ಕೊಳಗು ಎಂಬ ಮಾತುಗಳುಂಟು. ಹೊರಗೆ ಕಾಣುವ ಗೋಡೆಯು ನಮ್ಮ ಉಗುರಿನಂತೆ ಅರಿವಿಲ್ಲದುದು. ಅದರೊಳಗೆ ರಕ್ತವೂ ನರವೂ ತುಂಬಿದ ಜೀವಂತವಾದ ಮಾಂಸಭಾಗವೂ, ಅದರೊಳಗೆ ಕಾಲಿನ ಕಡೆಯ ಎಲುಬೂ ಇರುವುವು. ಹೊರಗೋಡೆಗೂ ಒಳಗಿನ ಎಲುಬಿಗೂ ಸಂಬಂಧವನ್ನು ಕಲ್ಪಿಸುವುದು ಪುಸ್ತಕದ ಹಾಳೆಗಳಂತೆ ಒಂದರೊಳಗೊಂದು ಸೇರಿಕೊಂಡಿರುವ ತೆಳುವಾದ ಪತ್ರಗಳು. ಇವು ಒಂದೊಂದು ಗೊರಸಿನಲ್ಲಿಯೂ ೫೫೦ರಿಂದ ೬೦೦ರ ವರೆಗೆ ಇರುವುವೆಂದೂ, ಪ್ರತಿಯೊಂದರ ಮೈಮೇಲೆಯೂ ನೂರಕ್ಕೆ ಮಿಕ್ಕ ಸೂಕ್ಷ್ಮಪತ್ರಗಳು ಇರುವುವೆಂದೂ ಈಗಿನ ಶಾರೀರಶಾಸ್ತ್ರಜ್ಞರು ಎಣಿಸಿರುವರು. ಕುದುರೆಯ ಭಾರವೆಲ್ಲವೂ ಈ ಪತ್ರಗಳಿಂದ ತೂಗಿಬಿದ್ದಿರುವುದೆಂದು ಹೇಳಬಹುದು. ಅಂಗಾಲಿನ ನಡುವೆ ಮೂರು ಮೂಲೆಯ ಮೆತ್ತನೆಯ ಭಾಗವೊಂದುಂಟು. ಹೆಜ್ಜೆಯೂರಿದಾಗ ಬೀಳುವ ಪೆಟ್ಟನ್ನು ತಾಳಿಕೊಳ್ಳುವುದರಲ್ಲಿ ಅದಕ್ಕೂ ಪಾಲಿದೆ.

ಗೊರಸಿಗೆ ಬರುವ ಕೇಡುಗಳಲ್ಲಿ ಮೂರು ಮುಖ್ಯವಾದುವು. ಮೊದಲನೆಯದು, ಸಗಣಿ ಗಂಜಳಗಳಿಂದ ನೆನೆದ ನೆಲದಲ್ಲಿ ನಿಂತು ಆ ಮೆತ್ತನೆಯ ಭಾಗವು ಕೊಳೆತು ದುರ್ಗಂಧದ ಕಪ್ಪುರಸವನ್ನು ಸುರಿಸುವುದು. ಎರಡನೆಯದು, ಮುಳ್ಳು ಮೊಳೆಗಳು ನಾಟಿದುದರಿಂದಲೋ ಗೋಡೆಯು ಸೀಳಿದುದರಿಂದಲೋ ಒಳಗೆ ಕೀವು ಕಟ್ಟುವುದು. ಹೊರಗೋಡೆಯು ಹಿಗ್ಗದೆ ಇರುವುದರಿಂದ ಆ ಕೀವಿನ ಒತ್ತಡವು ಅಸಹನೀಯವಾದ ನೋವನ್ನು ಕೊಡುವುದಲ್ಲದೆ, ನಾಟಿದ ಗಾಯದಿಂದ ಧನುರ್ವಾಯುವೂ ಬರಬಹುದು. ಮೂರನೆಯದೇ ಎಲ್ಲಕ್ಕಿಂತ ಘೋರವಾದುದು. ಮೇಲೆ ಹೇಳಿದ ಪತ್ರಗಳು ಕೆರಳಿ, ಬಿಗಿತಪ್ಪಿ, ಗೋಡೆಗೂ ಎಲುಬಿಗೂ ಇರುವ ಕಟ್ಟು ಕಳಚತೊಡಗುವ ಈ ವ್ಯಾಧಿಯನ್ನು ಈಗಿನ ಪಶುವೈದ್ಯರು ಲ್ಯಾಮಿನೈಟಿಸ್ ಎಂದು ಕರೆಯುವರು. ಮೇಲಿನಿಂದ ದೇಹದ ಭಾರವು ಒತ್ತುತ್ತಿರಲು, ಹಿಂದಿನಿಂದ ಕಾಲಿನ ದೊಡ್ಡ ಕಂಡರವು ಎಳೆಯುತ್ತಿರಲು, ಕಟ್ಟುತಪ್ಪಿದ ಎಲುಬು ತುದಿಗೆಳಗಾಗಿ ತಿರುಗುವುದು, ಇಲ್ಲವೆ ನೇರವಾಗಿ ಕುಸಿಯುವುದು. ರೋಗವು ಮಿತಿಮೀರಿದರೆ ಎಲುಬಿನ ತುದಿಯು ಅಂಗಾಲನ್ನು ಭೇದಿಸಿಕೊಂಡು ಹೊರಬರುವುದೂ ಉಂಟು.

ಕುದುರೆಯ ಭಾರದ ನೂರರಲ್ಲಿ ಅರುವತ್ತರಷ್ಟು ಪಾಲು ಮುಂಗಾಲುಗಳ ಮೇಲೆ ಬೀಳುವುದರಿಂದ ಈ ವ್ಯಾಧಿಯು ಸಾಧಾರಣವಾಗಿ ಮುಂಗಾಲುಗಳಲ್ಲಿಯೇ ಕಾಣಿಸಿಕೊಳ್ಳುವುದು. ಆಗ ಕುದುರೆಯು ಮುಂಗಾಲುಗಳನ್ನು ಮುಂದಕ್ಕೆ ಚಾಚಿ ಹಿಂಗಾಲುಗಳ ಮೇಲೆ ಭಾರವನ್ನು ಹಾಕಿ ನಿಲ್ಲುವುದು, ತಿರುಗಿಸಿದರೆ ತಿರುಗದು, ಗೊರಸು ಕೈಗೆ ಬಿಸಿಯಾಗುವುದು, ಗೊರಸಿನ ಮೇಲಿನ ನಾಡಿಯು ಜೋರಾಗಿ ಮಿಡಿಯುವುದು. ಹಳೆಯದಾದರೆ ಗೋಡೆಯ ಮೇಲೆ ಬಳೆಗಳಂತೆ ಉಬ್ಬುಗೆರೆಗಳು ಮೂಡಿ, ಮುಂದೆ ಇಕ್ಕಟ್ಟಾಗಿಯೂ ಹಿಮ್ಮಡಿಯ ಕಡೆಗೆ ಅಗಲವಾಗಿಯೂ ತೋರುವುವು.

ಇದಕ್ಕೆ ಕಾರಣಗಳು ಹಲವು: ಮಿತಿಮೀರಿ ಕಾಳನ್ನು ತಿನ್ನುವುದು, ಈದ ಹೆಣ್ಣುಕುದುರೆಯ ಮಾಸು ಬೀಳದೆ ನಿಲ್ಲುವುದು, ಗಟ್ಟಿನೆಲದ ಮೇಲೆ ವಿಶೇಷವಾಗಿ ಓಡಿಸುವುದು, ಒಂದು ಕಾಲಿಗೆ ಪೆಟ್ಟಾದಾಗ ಇನ್ನೊಂದರ ಮೇಲೆಯೇ ಭಾರವನ್ನು ಹೊರುವುದು, ಮೈಕೊಬ್ಬಿದ ಕುದುರೆಗಳಲ್ಲಿ ರಕ್ತದ ಇನ್ಸುಲಿನ್ ಹೆಚ್ಚುವುದು. ಗ್ರೀಕರಾದ ಝೆನೊಫನ್, ಅರಿಸ್ಟಾಟಲರು ಜವೆಯ ಹೆಸರಿನಿಂದಲೇ ಕುದುರೆಯ ಒಂದು ವ್ಯಾಧಿಯನ್ನು ನಿರ್ದೇಶಿಸಿರುವರು. ಅದು ಇದೇ ಇರಬೇಕೆಂದು ಅನೇಕರು ಊಹಿಸಿರುವರು. ಮೇವಿಗೂ ಪಾದಕ್ಕೂ ಇರುವ ಈ ಗೂಢಸಂಬಂಧವನ್ನು ಮುಂದಿನ ವಿಚಾರಕ್ಕಾಗಿ ನೆನಪಿನಲ್ಲಿಡತಕ್ಕುದು.

೪

ಇನ್ನು ಶಾಸ್ತ್ರಗಳ ಮಾತು. ಅಶ್ವಚಿಕಿತ್ಸೆಗೆ ಶಾಲಿಹೋತ್ರಮುನಿಯನ್ನು ಆದಿಪ್ರವರ್ತಕನೆಂದು ಹೇಳುವ ಸಂಪ್ರದಾಯವು ಭಾರತದಲ್ಲೆಲ್ಲ ಹಬ್ಬಿದೆ. ಉತ್ತರದ ಭಾಷೆಗಳಲ್ಲಿ ಕುದುರೆಯ ವೈದ್ಯನಿಗೆ ಸಾಲೋತ್ರಿಯೆಂಬ ಹೆಸರು ಬಂದುದು ಆ ಮುನಿಯ ಹೆಸರಿನಿಂದಲೇ. ಜಯದತ್ತಸೂರಿಯ ‘ಅಶ್ವವೈದ್ಯಕ’ವೂ ನಕುಲನ ಹೆಸರಿನ ‘ಅಶ್ವಚಿಕಿತ್ಸಿತ’ವೂ ಉಮೇಶಚಂದ್ರಗುಪ್ತರಿಂದ ಪರಿಶೋಧಿತವಾಗಿ ೧೮೮೭ರ ಹೊತ್ತಿಗೆ ಕಲಕತ್ತೆಯಲ್ಲಿ ಅಚ್ಚಾದುವು. ಇವುಗಳಿಗಿಂತ ಹಳೆಯದಾಗಿ, ೧೯೦೯ರಲ್ಲಿ ಶಾಮಶಾಸ್ತ್ರಿಗಳು ಮೈಸೂರಿನಿಂದ ಲೋಕಕ್ಕೆ ಒದಗಿಸಿಕೊಟ್ಟ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಶ್ವಾಧ್ಯಕ್ಷಪ್ರಕರಣವು ಬಂದಿದೆ.

ಆ ಪ್ರಕರಣದಲ್ಲಿ ಖುರದ ಆರೈಕೆಗೆ ಸಂಬಂಧಪಟ್ಟ ಒಂದು ಸೂಕ್ಷ್ಮವಿದೆ. ಪ್ರತಿಯೊಂದು ಕುದುರೆಗೂ ಅದರ ಉದ್ದಕ್ಕೆ ಸರಿಯಾದ ಚೌಕನೆಯ ಠಾವೂ, ನೆಲಕ್ಕೆ ನುಣ್ಣನೆಯ ಹಲಗೆಯ ಹಾಸೂ, ಸಗಣಿ ಗಂಜಳಗಳು ಹೊರಗೆ ಹೋಗುವ ದಾರಿಯೂ ಇರಬೇಕೆಂದು ಅಲ್ಲಿ ವಿಧಿಸಲಾಗಿದೆ. ಗೊರಸಿನ ಕೊಳೆತಕ್ಕೆ ಒದ್ದೆಯ ನೆಲವೇ ಕಾರಣವೆಂಬುದನ್ನು ಬಲ್ಲವರಿಗೆ ಈ ವಿಧಿಯ ಬೆಲೆಯು ತಾನೇ ಹೊಳೆಯುವುದು. ಅಲ್ಲದೆ, ಕುದುರೆಯ ಮೈ ಇಳಿಯುವುದು ಬೆಳೆಯುವುದು ಇವುಗಳಿಗೆ ಪ್ರತೀಕಾರವನ್ನೂ, ಋತುವಿಗೆ ತಕ್ಕ ಆಹಾರವನ್ನೂ ವೈದ್ಯರು ನೋಡಿಕೊಳ್ಳಬೇಕು; ಚಿಕಿತ್ಸೆಯ ಇಲ್ಲವೆ ಔಷಧದ ದೋಷದಿಂದ ವ್ಯಾಧಿಯು ಹೆಚ್ಚಿದರೆ ಅದರ ವೆಚ್ಚಕ್ಕೆ ಇಮ್ಮಡಿಯಾದ ದಂಡವನ್ನು ತೆರಬೇಕು. ವೈದ್ಯನನ್ನು ಇಷ್ಟು ಕಟ್ಟುನಿಟ್ಟಾಗಿ ಹೊಣೆಗಾರನನ್ನಾಗಿ ಮಾಡಿದ ಈ ಪ್ರಕರಣದಲ್ಲಿ ಕಬ್ಬಿಣದ ಲಾಳವನ್ನು ಜಡಿಯುವ ವಿಧಾನ ಮಾತ್ರ ಕಾಣಬರುವುದಿಲ್ಲ.

ಕನ್ನಡನಾಡಿನ ಅರಸರಲ್ಲಿ ಕಲ್ಯಾಣದ ಚಾಲುಕ್ಯರು ಪ್ರಾಣಿಗಳ ವಿಷಯದಲ್ಲಿ ವಿಶೇಷ ಆಸ್ಥೆಯುಳ್ಳವರಾಗಿದ್ದರು. ಆರನೆಯ ವಿಕ್ರಮಾದಿತ್ಯನ ತಮ್ಮನಾದ ಕೀರ್ತಿವರ್ಮನು ಸುಮಾರು ೧೧೨೫ರಲ್ಲಿ ಕನ್ನಡದಲ್ಲಿ ‘ಗೋವೈದ್ಯ’ವನ್ನು ಬರೆದನು. ವಿಕ್ರಮಾದಿತ್ಯನ ಮಗನಾದ ಮೂರನೆಯ ಸೋಮೇಶ್ವರನು ಶಕ ೧೦೫೧ರಲ್ಲಿ, ಎಂದರೆ ೧೧೨೯ರಲ್ಲಿ, ರಚಿಸಿದ ‘ಮಾನಸೋಲ್ಲಾಸ’ವೆಂಬ ‘ಅಭಿಲಷಿತಾರ್ಥಚಿಂತಾಮಣಿ’ಯಲ್ಲಿ ಕುದುರೆಗಳ ಲಕ್ಷಣ, ಶಿಕ್ಷಣ, ಕುದುರೆಯೇರಿ ಚೆಂಡಾಡುವ ವಿನೋದ ಮುಂತಾದುವು ವರ್ಣಿತವಾಗಿವೆ. ಅಭಿನವಚಂದ್ರ, ಪದ್ಮಣಪಂಡಿತರು ಈ ಪರಂಪರೆಯ ಮುಂದಿನ ಕೊಂಡಿಗಳು. ಈ ವಿದ್ಯೆಯು ಮತಭೇದವನ್ನೂ ಭಾಷಾಭೇದವನ್ನೂ ಲೆಕ್ಕಿಸದೆ ಹಬ್ಬಿತು. ಬಹಮನಿ ಸುಲ್ತಾನನಾದ ಅಹಮದಶಹ ವಲಿಯ ಆಶ್ರಯದಲ್ಲಿ ಅಬ್ದುಲ್ಲಾ ಬಿನ್ ಸಫಿಯೆಂಬವನು ಸಂಸ್ಕೃತದ ಅಶ್ವಶಾಸ್ತ್ರವನ್ನು ಪಾರಸಿಗೆ ಪರಿವರ್ತಿಸಿದನು.

ಶಾಸ್ತ್ರಕಾರರ ಚಿಕಿತ್ಸೆಯು ಸ್ವೇದ, ಲೇಪ, ನಸ್ಯ, ರಕ್ತಮೋಕ್ಷ, ಅಗ್ನಿಕರ್ಮ, ಆಹಾರನಿಯಮ ಎಂಬ ಕ್ರಮದಲ್ಲಿ ನಡೆಯತಕ್ಕುದು. ಇವುಗಳಲ್ಲಿ ಆಹಾರನಿಯಮವೂ ವಿಶ್ರಾಂತಿಯೂ ಇಂದಿಗೂ ಮಾನ್ಯವಾದುವು. ರಕ್ತಮೋಕ್ಷವನ್ನು ಯುರೋಪಿನ ಅಶ್ವವೈದ್ಯರೂ ಬಹುಕಾಲ ಮಾಡಿಕೊಂಡುಬಂದು ಕಡೆಗೆ ಬಿಟ್ಟರು. ಆದರೆ ದೋಷವಾವುದು, ಧಾತುವಾವುದು ಎಂದು ವಿಚಾರಿಸುವ ಶಾಸ್ತ್ರವು, ಕಟ್ಟುತಪ್ಪಿದ ಎಲುಬಿಗೆ ಕೆಳಗಿನಿಂದ ಆಸರೆಯನ್ನು ಕೊಡುವುದು ಹೇಗೆಂಬಲ್ಲಿಗೆ ಬಂದಾಗ, ಆ ಕಾರ್ಯಕ್ಕೆ ಬೇಕಾದ ಉಪಕರಣವು ವೈದ್ಯನ ಚೀಲದಲ್ಲಿರಲಿಲ್ಲವೆಂಬುದನ್ನು ಒಪ್ಪಲೇಬೇಕು.

೫

ಈ ಸಂದರ್ಭದಲ್ಲಿ ವಿದೇಶೀಯ ಪ್ರವಾಸಿಗಳ ಆಕ್ಷೇಪವೊಂದನ್ನು ಪರಿಶೀಲಿಸುವುದು ಯುಕ್ತವಾಗಿದೆ. ಹದಿಮೂರನೆಯ ಶತಮಾನದ ಕೊನೆಯಲ್ಲಿ ದಕ್ಷಿಣದ ಪೂರ್ವತೀರಕ್ಕೆ ಬಂದಿದ್ದ ಮಾರ್ಕೊ ಪೋಲೊವು, ಅಲ್ಲಿಯ ಅರಸರು ವರ್ಷವರ್ಷವೂ ಸಾವಿರಾರು ಕುದುರೆಗಳನ್ನು ಕೊಳ್ಳುವರೆಂದೂ, ಆರೈಕೆಯನ್ನರಿಯದೆ ಅವು ಸಾಯುವುವೆಂದೂ, ಕುದುರೆಗಳ ಕಾಲನ್ನೂ ಮೈಯನ್ನೂ ನೋಡಬಲ್ಲ ಕಸಬಿನವರು ಆ ದೇಶಕ್ಕೆ ಹೋಗದಂತೆ ವ್ಯಾಪಾರಿಗಳೇ ತಡೆಯುವರೆಂದೂ ಹೇಳಿರುವನು. ಕುದುರೆಗಳು ಸತ್ತಷ್ಟೂ ವ್ಯಾಪಾರಿಗಳಿಗೆ ಲಾಭವೆಂಬುದು ಅವನ ಅಭಿಪ್ರಾಯ.

ಇದನ್ನು ಓದಿದ ಕೆಲವರು ದಕ್ಷಿಣದವರಿಗೆ ಅಶ್ವವೈದ್ಯವೇ ತಿಳಿದಿರಲಿಲ್ಲವೆಂದು ನಿರ್ಣಯಿಸುವುದುಂಟು. ಇನ್ನು ಕೆಲವರು ‘ಮಾನಸೋಲ್ಲಾಸ’ವನ್ನು ಎತ್ತಿತೋರಿಸಿ ಆ ಪ್ರವಾಸಿಯ ಮಾತು ಸುಳ್ಳೆಂದು ತಳ್ಳಿಹಾಕಬಹುದು. ಎರಡೂ ಸಾಧುವಲ್ಲ. ಪೋಲೊವು ಹೇಳಿದುದು ಪಾಂಡ್ಯರ ಕರಾವಳಿಯನ್ನು ಕುರಿತು. ‘ಮಾನಸೋಲ್ಲಾಸ’ವು ಹುಟ್ಟಿದುದು ಕಲ್ಯಾಣದಲ್ಲಿ. ಅದೂ ಅಲ್ಲದೆ, ಅವನು ಇಲ್ಲವೆಂದು ಹೇಳಿದುದು ಗ್ರಂಥವನ್ನಲ್ಲ, ಕಸಬಿನವನನ್ನು. ಗ್ರಂಥವಿದ್ದು ಕಸಬಿನವನು ಇಲ್ಲದಿರುವುದು ಅಸಂಭವವೇನೂ ಅಲ್ಲ.

ಪೋಲೊವಿನ ಮಾತಿಗೆ ಬೆಂಬಲವು ಇನ್ನೊಂದು ಕಡೆಯಿಂದ ದೊರೆಯುತ್ತದೆ. ಹದಿನಾಲ್ಕನೆಯ ಶತಮಾನದ ಆದಿಭಾಗದಲ್ಲಿ ಬರೆದ ಪಾರಸೀಕ ಇತಿಹಾಸಕಾರ ವಸ್ಸಾಫನು, ಅದೇ ಕರಾವಳಿಯಲ್ಲಿ ಕುದುರೆಗಳಿಗೆ ಹುರಿದ ಜವೆಯನ್ನೂ ಬೆಣ್ಣೆ ಬೆರಸಿದ ಕಾಳನ್ನೂ ತಿನ್ನಿಸಿ ಕಾಯಿಸಿದ ಹಾಲನ್ನು ಕುಡಿಸುವರೆಂದೂ, ನಾಲ್ವತ್ತು ದಿವಸ ಗೂಟಗಳಿಗೆ ಬಿಗಿದು ಕೊಬ್ಬಿಸಿ, ಬಳಿಕ ಶಿಕ್ಷಣವಿಲ್ಲದೆಯೇ ಏರಿ ಓಡಿಸುವರೆಂದೂ ಬರೆದಿರುವನು. ಈಗ ಮೇಲೆ ಹೇಳಿದ ಕಾರಣಗಳೊಡನೆ ಇದನ್ನು ಹೋಲಿಸಿ ನೋಡಬೇಕು. ಮಿತಿಮೀರಿದ ಕಾಳು, ಚಲನವಿಲ್ಲದ ಬಂಧನ, ಮೈಯ ಕೊಬ್ಬು, ಅನಂತರ ಒಮ್ಮೆಗೇ ಗಟ್ಟಿನೆಲದ ಮೇಲೆ ಓಟ: ಲ್ಯಾಮಿನೈಟಿಸ್ ಬರುವುದಕ್ಕೆ ಇದಕ್ಕಿಂತ ಹೆಚ್ಚಿನ ಸಾಮಗ್ರಿಯು ಬೇಕಾಗಿಲ್ಲ. ಸತ್ತ ಕುದುರೆಗಳೆಲ್ಲವೂ ಈ ವ್ಯಾಧಿಯಿಂದಲೇ ಸತ್ತುವೆಂದು ಸಾಧಿಸಲಾಗದು. ಆದರೆ ಹವೆಯೊಂದನ್ನೇ ದೂರುವ ವಾಡಿಕೆಯ ಸಮಾಧಾನಕ್ಕಿಂತ ಈ ಕಾರಣವು ಪ್ರತ್ಯಕ್ಷಕ್ಕೆ ಹತ್ತಿರವಾದುದು. ಅತಿಯಾದ ಪ್ರೀತಿಯಿಂದ ಕೊಟ್ಟ ಆಹಾರವೇ ಕಾಲನ್ನು ಕೊಂದಿತೆಂಬುದು ಶೋಚನೀಯವಾದರೂ ಸಂಭವನೀಯವಾಗಿದೆ.

ವಿಜಯನಗರದ ಕಾಲದಲ್ಲಿಯೂ ಈ ವೆಚ್ಚವು ತಗ್ಗಲಿಲ್ಲ. ಸಾಳುವ ನರಸಿಂಹನು ಸಮುದ್ರದಲ್ಲಿ ಸತ್ತ ಕುದುರೆಗೂ, ಬಾಲವನ್ನು ತಂದು ತೋರಿಸಿದರೆ ಬೆಲೆಯನ್ನು ಕೊಡುತ್ತಿದ್ದನೆಂದೂ, ಕೃಷ್ಣದೇವರಾಯನು ವರ್ಷಕ್ಕೆ ಹದಿಮೂರುಸಾವಿರ ಕುದುರೆಗಳನ್ನು ಕೊಳ್ಳುತ್ತಿದ್ದನೆಂದೂ ಪೋರ್ತುಗೀಸನಾದ ನೂನಿಜನು ಬರೆದಿರುವನು. ಪ್ರವಾಸಿಗಳ ಅಂಕಿಗಳಲ್ಲಿ ಉತ್ಪ್ರೇಕ್ಷೆಯಿರಬಹುದು. ಆದರೆ ಇಷ್ಟು ಹಣವನ್ನು ಸುರಿದ ರಾಜ್ಯಗಳಿಗೆ ಕುದುರೆಯ ಕಾಲನ್ನು ಕಾಯುವವನು ಎಷ್ಟು ಅವಶ್ಯಕನಾಗಿದ್ದನೆಂಬುದು ಇದರಿಂದ ವಿಶದವಾಗುತ್ತದೆ.

೬

ಆ ಅವಶ್ಯಕನಾದವನೇ ನಾಲಬಂದ. ಅರಬ್ಬಿಯಲ್ಲಿ ನಅಲ್ ಎಂದರೆ ಪಾದರಕ್ಷೆ, ಲಾಳ; ಪಾರಸಿಯಲ್ಲಿ ಬಂದ್ ಎಂದರೆ ಕಟ್ಟುವವನು. ನಾಲವೇ ಕನ್ನಡದಲ್ಲಿ ವರ್ಣವ್ಯತ್ಯಾಸದಿಂದ ಲಾಳವಾಗಿರುವುದು. ಇದಕ್ಕೆ ಸಂಸ್ಕೃತದ ನಾಲ, ನಾಳ ಶಬ್ದಗಳನ್ನು ಮೂಲವಾಗಿ ಹೇಳುವುದು ಸರಿಯಲ್ಲ; ಅವುಗಳಿಗೆ ಕೊಳವೆ, ದಂಟು ಎಂಬ ಅರ್ಥಗಳಿರುವುವು. ಅವುಗಳಿಂದ ಬಂದುದು ನೇಕಾರರ ಲಾಳಿ. ರಬಕವಿ-ಬನಹಟ್ಟಿಗಳ ಮಗ್ಗದ ಮನೆಗಳಲ್ಲಿ ಲಾಳಿಯೂ, ಅದೇ ಸೀಮೆಯ ಕಮ್ಮಟದ ಮುಂದೆ ಲಾಳವೂ ಒಟ್ಟೊಟ್ಟಿಗೆ ಕೇಳಿಬರುವ ಮಾತುಗಳು. ಒಂದು ಸಂಸ್ಕೃತದಿಂದ, ಇನ್ನೊಂದು ಅರಬ್ಬಿಯಿಂದ ಹೊರಟು, ನಕಾರವು ಲಕಾರವಾಗುವ ಒಂದೇ ಬಾಗಿಲಿನಿಂದ ಕನ್ನಡದ ಮನೆಯನ್ನು ಹೊಕ್ಕಿರುವುವು. ಶಬ್ದದ ಮೂಲವು ಇಲ್ಲಿ ವಸ್ತುವಿನ ಮಾರ್ಗವನ್ನೂ ಸೂಚಿಸುತ್ತದೆ: ಲಾಳದ ಕಸಬು ಈ ನಾಡಿನಲ್ಲಿ ಬೇರೂರಿದುದು ಪಡುವಲ ಕಡಲಿನ ಆಚೆಯಿಂದ ಬಂದ ಕುದುರೆಗಳೊಡನೆಯೂ ಸುಲ್ತಾನರ ದಂಡುಗಳೊಡನೆಯೂ ಎಂದು ತಿಳಿಯುವುದು ಯುಕ್ತವಾಗಿದೆ.

ಈ ಕಸಬಿನ ಹೆಸರು ರಾಜ್ಯದ ಲೆಕ್ಕಪತ್ರಗಳಲ್ಲಿಯೂ ಸೇರಿಹೋಯಿತು. ಸವಾರನನ್ನು ಚಾಕರಿಗೆ ಸೇರಿಸಿಕೊಳ್ಳುವಾಗ ಮುಂಗಡವಾಗಿ ಕೊಡುವ ಹಣಕ್ಕೆ ಮರಾಠರ ಆಡಳಿತದಲ್ಲಿ ನಾಲಬಂದಿಯೆಂಬ ಹೆಸರಿದ್ದಿತು. ಲಾಳದ ವೆಚ್ಚವೆಂಬ ನೆಪದಿಂದ ಚಿಕ್ಕಪುಟ್ಟ ಪಾಳೆಯಗಾರರಿಂದ ಎತ್ತುವ ಕಪ್ಪಕ್ಕೂ ಅದೇ ಹೆಸರು. ದಂಡು ಹೊರಡುವುದಕ್ಕೆ ಮೊದಲು ಗೊರಸಿಗೆ ಕಬ್ಬಿಣ ಬೀಳಬೇಕೆಂಬ ಲೋಕವ್ಯವಹಾರವೇ ಈ ಪಾ­ರಿಭಾಷಿಕಶಬ್ದಕ್ಕೆ ಜನ್ಮವನ್ನು ಕೊಟ್ಟಿತು. ವಿಜಾಪುರ, ಬಾಗಲಕೋಟೆಗಳ ಕಡೆಯ ಮುಸಲ್ಮಾನ ಮನೆತನಗಳಲ್ಲಿ ನಾಲಬಂದವೆಂಬ ಅಡ್ಡಹೆಸರು ಇಂದಿಗೂ ಉಳಿದಿರುವುದು.

ನಾಲಬಂದನ ಕೆಲಸವು ಮೊಳೆ ಹೊಡೆಯುವುದೊಂದೇ ಅಲ್ಲ. ಗೊರಸಿನ ಗೋಡೆಯು ತಿಂಗಳಿಗೆ ಎಂಟು ಹತ್ತು ಮಿಲಿಮೀಟರಿನಷ್ಟು ಬೆಳೆಯುವುದು. ಆದುದರಿಂದ ನಾಲ್ಕರಿಂದ ಆರು ವಾರಗಳಿಗೊಮ್ಮೆ ಲಾಳವನ್ನು ಕಿತ್ತು, ಬೆಳೆದುದನ್ನು ಕೆತ್ತಿ, ಅರದಿಂದ ಮಟ್ಟಮಾಡಿ ಮತ್ತೆ ಜಡಿಯಬೇಕು. ಮೊಳೆಯು ಅರಿವಿಲ್ಲದ ಗೋಡೆಯಲ್ಲಿಯೇ ಹಾದು ಹೊರಗೆ ಬರಬೇಕು. ಕೂದಲೆಳೆಯಷ್ಟು ಒಳಸರಿದರೂ ಜೀವಂತವಾದ ಭಾಗಕ್ಕೆ ನಾಟಿ ಕುದುರೆಯು ಕುಂಟುವುದು. ಸುತ್ತಿಗೆಯ ಸದ್ದಿನಿಂದಲೂ ಕೈಗೆ ತಗಲುವ ಬಿಗುಪಿನಿಂದಲೂ ಮೊಳೆಯ ದಾರಿಯನ್ನು ಅರಿಯುವ ಈ ಜ್ಞಾನವನ್ನು ಯಾವ ಓಲೆಗರಿಯೂ ಹೇಳಿಕೊಡಲಾರದು.

ಘೋರವ್ಯಾಧಿಯಲ್ಲಿಯಾದರೋ ಅವನ ಕೈಯೇ ಚಿಕಿತ್ಸೆ. ಕೀವು ಕಟ್ಟಿದ್ದರೆ ನೋವಿನ ಜಾಗವನ್ನು ಒತ್ತಿ ಕಂಡುಹಿಡಿದು, ಅಷ್ಟನ್ನೇ ಕೆತ್ತಿ ಕೀವಿಗೆ ದಾರಿಯನ್ನು ಮಾಡಿ, ಬಿಸಿಯ ಉಪ್ಪುನೀರಿನಲ್ಲಿ ನೆನಸಿ, ಹೊಲಸು ತಾಗದಂತೆ ಕಟ್ಟುವುದು. ಕೊಳೆತಿದ್ದರೆ ಕೊಳೆತುದನ್ನೆಲ್ಲ ತೆಗೆದು ಒಣನೆಲದಲ್ಲಿ ನಿಲ್ಲಿಸುವುದು. ಲ್ಯಾಮಿನೈಟಿಸ್ ಬಂದಿದ್ದರೆ ಮೊದಲ ಎರಡು ಮೂರು ದಿವಸ ಪಾದವನ್ನು ತಣ್ಣಗಿಡುವುದು. ಹರಿಯುವ ನೀರಿನಲ್ಲಿ ನಿಲ್ಲಿಸುವ ಹಳೆಯ ವಾಡಿಕೆಯು ಈ ತತ್ತ್ವಕ್ಕೆ ಅನುಗುಣವಾದುದೇ. ಈಗ ಪಶುವೈದ್ಯರು ಮಂಜುಗಡ್ಡೆಯಿಂದ ಇನ್ನೂ ಹೆಚ್ಚಾಗಿ ತಣಿಸುವರು. ಬಳಿಕ ಮೆತ್ತನೆಯ ಮರಳಿನ ಹಾಸು, ನಡೆಯಿಸದೆ ಇರುವುದು, ಕಾಳನ್ನು ಪೂರ್ತಿಯಾಗಿ ನಿಲ್ಲಿಸುವುದು. ಎಲುಬು ಕದಲಿದ್ದರೆ ಗೊರಸಿನ ಮುಂದುದಿಯನ್ನು ಹಿಂದಕ್ಕೆ ತಗ್ಗಿಸಿ ಹೆಜ್ಜೆಯೆತ್ತುವುದನ್ನು ಹಗುರಮಾಡುವುದು, ಹಿಮ್ಮಡಿಯನ್ನು ಎತ್ತರಿಸಿ ಕಂಡರದ ಸೆಳೆತವನ್ನು ಕಡಮೆಮಾಡುವುದು, ಅಂಗಾಲಿನ ನಡುವಿನ ಮೆತ್ತನೆಯ ಭಾಗಕ್ಕೆ ಆಸರೆಯಾಗುವಂತೆ ಹಿಂದುಗಡೆ ಮುಚ್ಚಿದ, ಹೃದಯಾಕಾರದ ಪಟ್ಟಿಯುಳ್ಳ ಲಾಳವನ್ನು ಕೂಡಿಸುವುದು. ಈ ಆಸರೆಯು ಸ್ವಲ್ಪ ಹೆಚ್ಚು ಒತ್ತಿದರೆ ರಕ್ತವು ನಿಂತು ಕೇಡಾಗುವುದು. ಸ್ವಲ್ಪ ಕಡಮೆಯಾದರೆ ನಿಷ್ಪ್ರಯೋಜನವಾಗುವುದು. ಮುಂದುದಿಯ ಗೋಡೆಯು ಮೇಲಿನಿಂದ ಕೆಳಕ್ಕೆ ಹೊಸದಾಗಿ ಇಳಿಯುವುದಕ್ಕೆ ಒಂಬತ್ತರಿಂದ ಹನ್ನೆರಡು ತಿಂಗಳು ಹಿಡಿಯುವುದರಿಂದ, ಗುಣವಾಗಬಲ್ಲ ಕುದುರೆಗೂ ವರ್ಷದ ಆರೈಕೆಯು ಬೇಕು.

ಇಲ್ಲಿ ನಾಲಬಂದನನ್ನು ಹೊಗಳಿ ಪಂಡಿತನನ್ನು ತೆಗಳುವುದು ಉದ್ದೇಶವಲ್ಲ. ಕೈಯೊಂದನ್ನೇ ನಂಬಿದ ಕಸಬಿನವರು ಮಾಡಿದ ಹಾನಿಯೂ ಅಲ್ಪವಲ್ಲ. ಅಂಗಾಲನ್ನು ತೆಳುವಾಗುವ ವರೆಗೆ ಕೆತ್ತುವುದು, ಕಾದ ಲಾಳವನ್ನು ಬಹಳ ಹೊತ್ತು ಒತ್ತಿಹಿಡಿಯುವುದು, ಗೊರಸನ್ನು ಲಾಳಕ್ಕೆ ಸರಿಯಾಗಿ ಕತ್ತರಿಸುವುದು ಇವೆಲ್ಲವೂ ಎಲ್ಲ ದೇಶಗಳಲ್ಲಿಯೂ ನಡೆದುವು. ಮೇವಿನಿಂದ ಬಂದ ವ್ಯಾಧಿಗೆ ಮೇವನ್ನು ತಡೆಯದೆ ಲಾಳವನ್ನೇ ಬದಲಾಯಿಸುತ್ತಿದ್ದರೆ ಫಲವೇನು? ಆಹಾರವನ್ನು ಬಲ್ಲವನು ಪಂಡಿತ, ಆಸರೆಯನ್ನು ಬಲ್ಲವನು ನಾಲಬಂದ. ಒಬ್ಬನು ಇನ್ನೊಬ್ಬನ ಮಾತನ್ನು ಕೇಳದಿದ್ದ ಕಡೆಯಲ್ಲಿ ಕುದುರೆಯು ಇಬ್ಬರ ನಡುವೆ ಸತ್ತಿತು. ಒಬ್ಬನದು ಸಂಸ್ಕೃತ, ಇನ್ನೊಬ್ಬನದು ದಖನಿ. ಒಬ್ಬನು ಮುಟ್ಟದ ವಸ್ತುವಿನಲ್ಲಿಯೇ ಇನ್ನೊಬ್ಬನ ಜೀವನ. ಈ ಸಾಮಾಜಿಕವಾದ ಅಂತರವು ಚಿಕಿತ್ಸೆಯ ಅಂತರವೂ ಆಯಿತೆಂಬುದನ್ನು ಚರಿತ್ರಕಾರನು ಮರೆಮಾಡಬಾರದು.

೭

೧೮೧೮ರಲ್ಲಿ ಪೇಶವೆಯ ರಾಜ್ಯವು ಅಳಿದ ಮೇಲೆ ದಕ್ಷಿಣದ ಸಂಸ್ಥಾನಿಕರು ಒದಗಿಸಬೇಕಾಗಿದ್ದ ಸವಾರರ ದಂಡು ಕ್ರಮೇಣ ಹಣದ ಕಪ್ಪವಾಗಿ ಮಾರ್ಪಟ್ಟಿತು. ಇದರಿಂದ ನಾಲಬಂದನ ದೊಡ್ಡ ಆಶ್ರಯವು ತಪ್ಪಿತು. ಅವನು ದಂಡಿನ ಲಾಯದಿಂದ ಸಂತೆಯ ಬಯಲಿಗೆ ಬಂದು ಎತ್ತುಗಳಿಗೂ ಟಾಂಗಾದ ಕುದುರೆಗಳಿಗೂ ಲಾಳ ಕಟ್ಟುವವನಾದನು. ೧೮೮೬ರಲ್ಲಿ ಮುಂಬಯಿಯಲ್ಲಿ ಪಶುವೈದ್ಯಕಾಲೇಜು ಸ್ಥಾಪಿತವಾಯಿತು. ೧೯೪೮ರಲ್ಲಿ ಸ್ವೀಡನ್ನಿನ ನಿಲ್ಸ್ ಓಬೆಲ್ಲನು ಲ್ಯಾಮಿನೈಟಿಸನ್ನು ಕುರಿತ ಪ್ರಬಂಧದಲ್ಲಿ ಕುಂಟಿನ ನಾಲ್ಕು ದರ್ಜೆಗಳನ್ನು ಗೊತ್ತುಮಾಡಿದನು. ಇಂದಿಗೂ ವೈದ್ಯರು ಅದನ್ನೇ ಬಳಸುವರು. ಈ ವ್ಯಾಧಿಯಲ್ಲಿ ಪಶುವೈದ್ಯನೂ ಲಾಳಗಾರನೂ ಕ್ಷಕಿರಣದ ಒಂದೇ ಚಿತ್ರವನ್ನು ಮುಂದಿಟ್ಟುಕೊಂಡು ಕೂಡಿ ಕೆಲಸಮಾಡಬೇಕೆಂಬುದು ಈಗ ಲೋಕದಲ್ಲೆಲ್ಲ ಅಂಗೀಕೃತವಾದ ನಿಯಮ. ಅಹಮದಶಹ ವಲಿಯು ರಾಜಧಾನಿಯನ್ನಾಗಿ ಮಾಡಿಕೊಂಡ ಬೀದರಿನಲ್ಲಿಯೇ ಈಗ ಕರ್ನಾಟಕದ ಪಶುವೈದ್ಯ ವಿಶ್ವವಿದ್ಯಾಲಯವಿರುವುದು ಇತಿಹಾಸದ ಒಂದು ಸುಯೋಗವೆನ್ನಬಹುದು.

ಆದರೆ ಎರಡು ಕೈಗಳು ಕೂಡುವ ಕಾಲ ಬಂದಾಗ ಒಂದು ಕೈಯು ಮರೆಯಾಗುತ್ತಲಿದೆ. ೨೦೧೯ರ ಜಾನುವಾರು ಗಣತಿಯಲ್ಲಿ ಭಾರತದ ಕುದುರೆ ತಟ್ಟುಗಳ ಸಂಖ್ಯೆಯು ೩.೪ ಲಕ್ಷಕ್ಕೆ ಇಳಿದಿದ್ದಿತು. ೨೦೧೨ರ ಗಣತಿಗಿಂತ ಇದು ನೂರಕ್ಕೆ ೪೫.೬ರಷ್ಟು ಕಡಮೆ. ಎತ್ತಿನ ಕೆಲಸವನ್ನು ಟ್ರ್ಯಾಕ್ಟರು ವಹಿಸಿಕೊಂಡಿದೆ. ಜಮಖಂಡಿ ಮುಧೋಳಗಳ ಕಡೆಯ ಜಾತ್ರೆಗಳಲ್ಲಿ ಗಾಡಿಗಳ ಶರ್ಯತ್ತು ನಡೆದಾಗ ಕುದುರೆಯ ಗೊರಸಿನ ಸದ್ದು ಕೇಳಬಹುದು. ಅದರ ಹಿಂದಿರುವ ಸುತ್ತಿಗೆಯ ಸದ್ದು ವರ್ಷದಿಂದ ವರ್ಷಕ್ಕೆ ಕ್ಷೀಣಿಸುತ್ತಿದೆ. ಓಲೆಗರಿಯು ಜೀರ್ಣವಾದರೆ ಇನ್ನೊಂದು ಪ್ರತಿಯು ಎಲ್ಲಿಯಾದರೂ ದೊರೆತೀತು. ಮುದುಕನಾದ ನಾಲಬಂದನು ಕಣ್ಣುಮುಚ್ಚಿದರೆ ಆ ಗ್ರಂಥಕ್ಕೆ ಪ್ರತ್ಯಂತರವಿಲ್ಲ.

ಇದರಿಂದ ಫಲಿತವಾಗುವ ಕರ್ತವ್ಯಗಳು ಮೂರು. ಕನ್ನಡದ ಅಶ್ವವೈದ್ಯಗ್ರಂಥಗಳನ್ನು ಪರಿಶೋಧಿಸುವವರು ಪಾಠಾಂತರಗಳ ಜೊತೆಗೆ ಪಶುವೈದ್ಯರ ಅಭಿಪ್ರಾಯವನ್ನೂ ಪಡೆದು, ಯಾವ ಲಕ್ಷಣವು ಯಾವ ವ್ಯಾಧಿಯದೆಂಬುದನ್ನು ನಿರ್ಣಯಿಸಬೇಕು. ಹಾಗೆ ಮಾಡದೆ ಹಳೆಯ ಯೋಗಗಳನ್ನು ಚಿಕಿತ್ಸೆಗೆಂದು ಹರಡುವುದು ಪ್ರಾಣಿಗೆ ದ್ರೋಹವಾದೀತು. ಕೋಶಕಾರರು ಗೊರಸಿನ ಭಾಗಗಳಿಗೂ, ಲಾಳದ ಬಗೆಗಳಿಗೂ, ಉಪಕರಣಗಳಿಗೂ ಕಸಬಿನವರು ಹೇಳುವ ಹೆಸರುಗಳನ್ನು ಸಂತೆಯ ಬಯಲಿನಲ್ಲಿಯೇ ಕುಳಿತು ಬರೆದುಕೊಳ್ಳಬೇಕು. ಸಾಹಿತ್ಯಚರಿತ್ರಕಾರರು ಶಾಸ್ತ್ರಸಾಹಿತ್ಯವನ್ನು ಕುರಿತು ಬರೆಯುವಾಗ, ಬರೆದ ಶಾಸ್ತ್ರದ ಪಕ್ಕದಲ್ಲಿ ಬರೆಯದ ಶಾಸ್ತ್ರಕ್ಕೂ ಒಂದು ಠಾವನ್ನು ಬಿಡಬೇಕು. ಸಾವಳಗಿಯ ಸೀಮೆಯ ಶಿಲೇದಾರನ ಕುದುರೆಯು ಕುಂಟದೆ ನಡೆದ ದಿನಗಳಲ್ಲಿ ಅದನ್ನು ನಡೆಯಿಸಿದುದು ಪಂಡಿತನ ಹೆಸರೊಂದೇ ಅಲ್ಲ, ಹೆಸರಿಲ್ಲದವನ ಕೈಯೂ ಹೌದೆಂಬುದನ್ನು ವಿದ್ವಾಂಸರು ಪರ್ಯಾಲೋಚಿಸುವುದು ಉಚಿತವಾಗಿದೆ.